ತಂಗೆವ್ವ ಗುಡ್ಡ ಹತ್ತಿದ್ದು

ಆ ಶನಿವಾರ ಮುಂಜಾನೆ ಕಾರಿನಲ್ಲಿ ಇದ್ದವರು ನಾಲ್ಕೇ ಜನ. ಸ್ಟೇರಿಂಗ್ ಹಿಡಿದು ನಾನು, ನನ್ನ ಮಗ್ಗುಲಲ್ಲಿ ಹೆಂಡತಿ ಶಕ್ಕು, ಹಿಂದಿನ ಸೀಟಿನ ಎಡ ಕಿಟಕಿಗೆ ನನ್ನ ಅವ್ವ, ಬಲ ಕಿಟಕಿಗೆ ಕಾಕು. ಕಾಕು ಅಂದರೆ ನನ್ನ ತಂದೆಯ ತಮ್ಮನ ಹೆಂಡತಿ, ಅವ್ವನಿಗೆ ನೆಗೆಣ್ಣಿ. ಇಬ್ಬರ ನಡುವೆ, ಗುಡ್ಡದ ಹಣಮಪ್ಪನಿಗೆ ಒಯ್ಯುವ ತೆಂಗಿನಕಾಯಿ, ವೀಳ್ಯದೆಲೆಯ ಹಾರ, ಎಣ್ಣೆ ಬಾಟಲಿ ತುಂಬಿದ ಬುಟ್ಟಿಯೊಂದು ಎರಡು ಹೊಲಗಳ ನಡುವಿನ ಬದುವಿನ ಹಾಗೆ ಕೂತಿತ್ತು. ಶಕ್ಕು ಸಾಮಾನ್ಯವಾಗಿ ಶನಿವಾರ ನಮ್ಮ ಜೊತೆ ಬರುವವಳಲ್ಲ, ಅವಳ ಶಾಲೆ ಇರುತ್ತದೆ. ಅಂದು ಮಾತ್ರ ರಜೆ ಹಾಕಿಸಿ ಕರೆತಂದಿದ್ದೆ. ದೊಡ್ಡ ಕೆಲಸಕ್ಕೆ ಒಬ್ಬ ಸಾಕ್ಷಿ ಬೇಕಲ್ಲ! ಹೈದರಾಬಾದಿನ ನಾಚಾರಂ ದಾಟಿ ಗುಡ್ಡದ ಬುಡಕ್ಕೆ ಬಂದೆವು. ನಾನು ಗೇರು ಬದಲಿಸಿ ಕಾಲು ಒತ್ತಿದೆ. ಇಷ್ಟು ವರ್ಷ ಆ ಜಾಗಕ್ಕೆ ಬಂದೊಡನೆ ಕೆಮ್ಮಿ, ನಡುಗಿ, ಕೈಚೆಲ್ಲುತ್ತಿದ್ದ ನಮ್ಮ ಹಳೆಯ ಪುಟ್ಟ ಕಾರು ಒಮ್ಮೆ ಗುಡುಗಿ, ಸೆಟೆದು, ಬಂಡೆಗಳ ನಡುವಿನ ಆ ಕಡಿದಾದ ದಾರಿಯನ್ನು ಒಂದೇ ಉಸಿರಿಗೆ ಹತ್ತಿಬಿಟ್ಟಿತು. ದಾರಿ ಬದಿಯ ಮೇಕೆಗಳು ಸರಿದು ನಿಂತವು. ನಾನು ಆನಂದ ತಡೆಯಲಾರದೆ "ಹ್ಯಾಂಗ!" ಎಂದು ಕೂಗಿದೆ. ಕನ್ನಡಿಯಲ್ಲಿ ನೋಡಿದೆ. ಅವ್ವ ಎಡಕ್ಕೆ ನೋಡುತ್ತಿದ್ದಳು, ಕಾಕು ಬಲಕ್ಕೆ. ಇಬ್ಬರ ಮುಖವೂ ಕಾಚಿಗೂಡ ಸ್ಟೇಶನ್ನಿನಲ್ಲಿ ಕಣ್ಣೆದುರೇ ರೈಲು ಬಿಟ್ಟುಹೋದವರ ಮುಖದಂತಿತ್ತು.

ಕೆಟ್ಟದ್ದು ಮಾಡುವವನು ಅತ್ತಿತ್ತ ನೋಡಿ ಮಾಡುತ್ತಾನೆ, ಒಳ್ಳೆಯದು ಮಾಡುವವನು ಮುಂದೆ ಮಾತ್ರ ನೋಡಿ ಮಾಡುತ್ತಾನೆ, ಅದಕ್ಕೇ ಎರಡನೆಯವನಿಂದ ಹೆಚ್ಚು ಅನಾಹುತ ಅಂತ ನಮ್ಮ ಅಜ್ಜಿ ಅನ್ನುತ್ತಿದ್ದಳು. ಚಿಕ್ಕಂದಿನಲ್ಲಿ ಇದು ಬೇರೆಯವರ ಬಗ್ಗೆ ಹೇಳಿದ ಮಾತು ಎಂದು ತಿಳಿದಿದ್ದೆ. ಈಗ ಅನುಮಾನ. ನನ್ನ ಉದ್ಯೋಗವಾದರೂ ನೋಡಿರಿ, ಕೇಂದ್ರ ಸರಕಾರದ ಒಂದು ಕಾರಖಾನೆಯಲ್ಲಿ ತಪಾಸಣೆ ವಿಭಾಗ. ಬೇರೆಯವರು ಮಾಡಿದ ವಸ್ತುವನ್ನು ಕಣ್ಣಿಗೆ ಹಿಡಿದು, ಬೆರಳಿನಿಂದ ಸವರಿ, "ಸರಿಯಿಲ್ಲ" ಎಂದು ಹಿಂದಕ್ಕೆ ಕಳಿಸುವುದೇ ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ನನ್ನ ಕಣ್ಣು ತಪ್ಪಿಸುವುದು ಸಾಧ್ಯವಿಲ್ಲ ಎಂಬ ಹೆಸರು ಅಲ್ಲಿ ನನಗಿದೆ. ಮನೆಯಲ್ಲಿ ನನಗೆ ಬೇರೆ ಹೆಸರುಗಳಿವೆ. "ನಿಮ್ಮ ಕಣ್ಣಿಗೆ ಕೂದಲೆಳಿ ಕಾಣತೈತಿ, ಕೂದಲಿದ್ದ ತಲಿ ಕಾಣಂಗಿಲ್ಲ" ಎನ್ನುತ್ತಾಳೆ ಶಕ್ಕು.

ಕಾರು ನಮ್ಮ ಅಪ್ಪನದು. ದುಂಡನೆಯ ಕಣ್ಣು, ಗಿಡ್ಡ ಮೂಗು, ಹಾಲು ಹೆಚ್ಚಾದ ಚಹಾದ ಬಣ್ಣ, ಸ್ಟೇರಿಂಗಿನ ಕುತ್ತಿಗೆಗೇ ಅಂಟಿಕೊಂಡ ಗೇರಿನ ಕೋಲು. ಅಪ್ಪ ಅದಕ್ಕೆ ತಂಗೆವ್ವ ಎಂದು ಹೆಸರಿಟ್ಟಿದ್ದ. ತಾರ್ನಾಕದ ನಮ್ಮ ಓಣಿಗೆ ಆ ಕಾಲದಲ್ಲಿ ಬಂದ ಮೊದಲ ಕಾರುಗಳಲ್ಲಿ ಅದೂ ಒಂದು. ಹೀಗಾಗಿ ವಿಜಯಪುರದ ಕಡೆಯಿಂದ ಹೈದರಾಬಾದಿಗೆ ಬಂದ ನಮ್ಮ ಎಷ್ಟೋ ಬಂಧುಗಳು ಈ ಊರನ್ನು ಮೊದಲು ಕಂಡದ್ದು ತಂಗೆವ್ವನ ಕಿಟಕಿಯಿಂದಲೇ. ಅವಳಿಗೆ ಒಂದೇ ದೌರ್ಬಲ್ಯ: ಏರು. ಸಪಾಟು ರಸ್ತೆಯಲ್ಲಿ ಆರು ಜನರನ್ನೂ ನಗುನಗುತ್ತ ಒಯ್ಯುತ್ತಾಳೆ, ಚಡಾವು ಬಂತೋ ಮುಖ ಕಪ್ಪಿಡುತ್ತಾಳೆ. ಆಗ ಅಪ್ಪ ಕೈ ಹೊರಗೆ ಹಾಕಿ, "ಭಾರ ಇಳೀರಿ!" ಎಂದು ಕೂಗುತ್ತಿದ್ದ. ನಾವು ಇಳಿಯುತ್ತಿದ್ದೆವು. ತಂಗೆವ್ವ ಹಗುರಾಗಿ ಮೇಲೆ ಹೋಗಿ ನಮಗಾಗಿ ಕಾಯುತ್ತಿದ್ದಳು. ನಾವು ಹಿಂದಿನಿಂದ ನಡೆದು ಹೋಗಿ ಮತ್ತೆ ಹತ್ತುತ್ತಿದ್ದೆವು.

ಹೀಗೆ ಇಳಿಯುವುದಕ್ಕೂ ನಮ್ಮಲ್ಲಿ ಒಂದು ಮಾನಮರ್ಯಾದೆಯ ಕ್ರಮವಿತ್ತು. ಮೊದಲು ಹುಡುಗರು, ಆಮೇಲೆ ಮನೆಯ ಗಂಡಸರು, ಅಷ್ಟಕ್ಕೂ ತಂಗೆವ್ವ ಒಪ್ಪದಿದ್ದರೆ ಹೆಂಗಸರು. ಅಳಿಯಂದಿರು ಮತ್ತು ಬೀಗರನ್ನು ಮಾತ್ರ ಯಾವ ಕಾರಣಕ್ಕೂ ಇಳಿಸುವಂತಿರಲಿಲ್ಲ. ನನ್ನ ಅಕ್ಕನ ಮಾವನವರು ಒಮ್ಮೆ ಬಂದಿದ್ದರು. ಒಳ್ಳೆಯ ಆಳು, ಗಡಿಗೆಯಂಥ ಹೊಟ್ಟೆ. ಅವರನ್ನು ಗೋಲಕೊಂಡ ತೋರಿಸಲು ಕರೆದೊಯ್ಯುವಾಗ ಒಂದು ಏರಿನಲ್ಲಿ ನಮ್ಮ ಮನೆಯವರೆಲ್ಲ ಇಳಿದರೂ ತಂಗೆವ್ವ ಅಲ್ಲಾಡಲಿಲ್ಲ. ಬೀಗರು ಸಂಕೋಚದಿಂದ, "ನಾನೂ ಇಳೀತೀನಲ್ರಿ" ಎಂದು ಬಾಗಿಲಿಗೆ ಕೈ ಹಾಕಿದರು. ಅಪ್ಪ ಗಾಬರಿಯಾಗಿ, "ಛೇ ಛೇ, ನೀವು ಕುಂದ್ರಿ ಬೀಗರ, ಹಂಗೆಲ್ಲಾ ಮಾಡಬ್ಯಾಡ್ರಿ" ಎಂದು ಬಾಗಿಲು ಹಾಕಿದ. ಒಳಗೆ ಬೀಗರು ದೇವರ ಹಾಗೆ ಒಬ್ಬರೇ ಕೂತರು, ನಾವು ಇಡೀ ಕುಟುಂಬ ಹಿಂದೆ ನಿಂತು ನೂಕಿದೆವು. ಆಟೋದವನೊಬ್ಬ ನಿಲ್ಲಿಸಿ, ಇದು ಯಾವ ದೇವರ ಮೆರವಣಿಗೆ ಎಂದು ತೆಲುಗಿನಲ್ಲಿ ಕೇಳಿದ್ದು ನನಗೆ ಇನ್ನೂ ನೆನಪಿದೆ.

ಈಗ ಅಪ್ಪನೂ ಇಲ್ಲ, ಕಾಕಾನೂ ಇಲ್ಲ. ಕೆಳಗಿನ ಮನೆಯಲ್ಲಿ ಅವ್ವ, ನಾನು, ಶಕ್ಕು. ಮೇಲಿನ ಮನೆಯಲ್ಲಿ ಕಾಕು. ಮತ್ತು ಈ ಅವ್ವ, ಕಾಕು ಇಬ್ಬರೂ ಮಾತಾಡುವುದನ್ನು ಬಿಟ್ಟು ಯಾವುದೋ ಕಾಲವಾಗಿದೆ. ಕಾರಣ ಒಂದು ಖಣ. ಕುಬುಸಕ್ಕೆಂದು ಕೊಡುವ ಖಣಗಳು ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದು ಮನೆಗೆ ಉಡಿ ತುಂಬುವ ನೆಪದಲ್ಲಿ ಸುತ್ತುತ್ತಲೇ ಇರುತ್ತವೆ, ಹೊಲಿಸಿಕೊಳ್ಳುವವರು ಕಡಿಮೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಒಂದು ಎಚ್ಚರ ಬೇಕು, ಯಾರು ಕೊಟ್ಟದ್ದೋ ಅವರಿಗೇ ಅದು ಹಿಂದಿರುಗಬಾರದು. ಅಪ್ಪ, ಕಾಕಾ ಇಬ್ಬರೂ ಇದ್ದಾಗಲೇ ನಡೆದ ನನ್ನ ತಂಗಿಯ ಮದುವೆಯ ಗಡಿಬಿಡಿಯಲ್ಲಿ ಅವ್ವ ಈ ಎಚ್ಚರ ತಪ್ಪಿದಳು. ಕಾಕುಗೆ ಉಡಿ ತುಂಬಿದಳು. ಕಾಕು ಮನೆಗೆ ಹೋಗಿ ಸೆರಗು ಬಿಚ್ಚಿ ನೋಡಿದರೆ, ತನ್ನ ತವರಿನಿಂದ ತರಿಸಿ ತಾನೇ ಅವ್ವನಿಗೆ ಕೊಟ್ಟಿದ್ದ ಇಳಕಲ್ಲಿನ ಖಣ! ಮೂಲೆಯಲ್ಲಿ ತಾನೇ ಹಚ್ಚಿದ ಕುಂಕುಮ ಕೂಡ ಹಾಗೇ ಇತ್ತು. "ನಾ ಪ್ರೀತೀಲೆ ಕೊಟ್ಟಿದ್ದನ್ನ ಪೆಟ್ಟಿಗ್ಯಾಗ ಇಟ್ಟು, ನನಗ ತಿರುಗಿ ಕಳಸಿದ್ರು" ಎಂದು ಕಾಕು ಅತ್ತಳು. "ಗದ್ದಲದಾಗ ಕೈಗೆ ಬಂದದ್ದು ಕೊಟ್ಟೆ. ಇಷ್ಟಕ್ಕ ಅಳತಾಳಂದ್ರ ಅಕಿ ನನ್ನ ಏನಂತ ತಿಳದಾಳ?" ಎಂದು ಅವ್ವ ಅತ್ತಳು. ಅಲ್ಲಿಗೆ ಮಾತು ನಿಂತಿತು.

ನಿಂತಿತು ಎಂದರೆ ನೇರ ಮಾತು ನಿಂತಿತು. ಮಾತು ಹಾಗೆ ನಿಲ್ಲುವ ಪದಾರ್ಥವಲ್ಲ, ನೀರಿನಂತೆ ಬೇರೆ ದಾರಿ ಹುಡುಕುತ್ತದೆ. ಆ ದಾರಿ ನಾನು. ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಚಾಪೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿರುತ್ತಾರೆ. ಅವ್ವ ನನ್ನ ಕಡೆ ತಿರುಗಿ, "ಹೇಳಪಾ ನಿಮ್ಮ ಕಾಕುಗ, ದಂಟು ಭಾಳ ಬಿಡಾಕತ್ತಾಳ ಅಂತ" ಎನ್ನುತ್ತಾಳೆ. ಕಾಕು ಅದನ್ನು ಕೇಳಿಯೇ ಇಲ್ಲವೆಂಬಂತೆ ಕಾಯುತ್ತಾಳೆ. ನಾನು ಹೇಳಬೇಕು. ಹೇಳಿದ ಮೇಲೆ ಕಾಕು, "ನಿಮ್ಮವ್ವಗ ಹೇಳು, ದಂಟಿನಾಗೇ ರುಚಿ ಇರತೈತಿ ಅಂತ" ಎನ್ನುತ್ತಾಳೆ. ನಾನು ಮತ್ತೆ ಹೇಳಬೇಕು. ನಾನಿಲ್ಲದಿದ್ದರೆ ಶಕ್ಕು. ಶಕ್ಕುವೂ ಇಲ್ಲದಿದ್ದರೆ ಹಾಲಿನವನು, ತೆಲುಗಿನಲ್ಲಿ. ಇಡೀ ಮನೆಯಲ್ಲಿ ನಡುವೆ ನಿಲ್ಲಲು ಯಾರಾದರೊಬ್ಬರು ಇದ್ದೇ ಇರುತ್ತಾರೆ, ಹಾಗಾಗಿ ಆ ಇಬ್ಬರಿಗೆ ನೇರವಾಗಿ ಮಾತಾಡುವ ಅಗತ್ಯವೇ ಬೀಳುತ್ತಿರಲಿಲ್ಲ.

ಯಾರೂ ನಡುವೆ ಇಲ್ಲದ ಜಾಗ ಪ್ರಪಂಚದಲ್ಲಿ ಒಂದೇ ಇತ್ತು, ಹಣಮಪ್ಪನ ಗುಡ್ಡದ ಚಡಾವು. ಪ್ರತಿ ಶನಿವಾರ ನಾನು ಇಬ್ಬರನ್ನೂ ಬುಡದ ಬೇವಿನ ಗಿಡದ ಹತ್ತಿರ ಇಳಿಸಿ, ತಂಗೆವ್ವನನ್ನು ಓಲೈಸುತ್ತ ಮೇಲೆ ಒಯ್ದು, ಬಾನೆಟ್ ಎತ್ತಿ ನೀರು ಹಾಕಿ ಕಾಯುತ್ತಿದ್ದೆ. ಅವ್ವನಿಗೆ ಮೊಣಕಾಲು ನೋವು, ಕಾಕುಗೆ ಕಣ್ಣು ಮಂಜು. ಮೆಟ್ಟಿಲಿಲ್ಲದ, ಹಿಡಿಕೆಯಿಲ್ಲದ, ಕಲ್ಲು ಎದ್ದ ದಾರಿ. ಅವ್ವನಿಗೆ ಒಂದು ಭುಜ ಬೇಕು, ಕಾಕುಗೆ ಎರಡು ಕಣ್ಣು ಬೇಕು. ಒಬ್ಬಳು "ಇಲ್ಲಿ ಕಲ್ಲೈತಿ" ಎನ್ನಲೇಬೇಕು, ಇನ್ನೊಬ್ಬಳು "ನಿಧಾನ ಹೆಜ್ಜಿ ಇಡ್ರಿ ಅಕ್ಕಾ" ಎನ್ನಲೇಬೇಕು. ಕಲ್ಲಿನಿಂದ ಶುರುವಾದ ಮಾತು ಕಲ್ಲಿಗೇ ನಿಲ್ಲುತ್ತದೆಯೇ? ಮೇಲಿನಿಂದ ನನಗೆ ಕಾಣುತ್ತಿತ್ತು, ಒಂದು ಹಸಿರು ಸೀರೆ, ಒಂದು ಕಂದು ಸೀರೆ, ಕೈಗೆ ಕೈ ಕೂಡಿಸಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಗಾಳಿಯಲ್ಲಿ ಕೈ ಆಡಿಸಿ, ಮತ್ತೆ ನಡೆದು. ಒಮ್ಮೊಮ್ಮೆ ನಗುವಿನ ಸದ್ದು ನನ್ನವರೆಗೂ ಬರುತ್ತಿತ್ತು. ಗುಡಿಯ ಮುಂದೆ ನಾನು ನಿಂತ ಜಾಗಕ್ಕೆ ಬರುತ್ತಲೇ ಕೈ ಬಿಟ್ಟು, ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ. "ಹೇಳು ನಿಮ್ಮ ಕಾಕುಗ, ಚಪ್ಪಲಿ ಇಲ್ಲೇ ಬಿಡು ಅಂತ." ನಾನು ಇದನ್ನೆಲ್ಲ ನೋಡಿದ್ದೆ. ಆದರೆ ನೋಡುವುದು ಬೇರೆ, ಮನಸ್ಸಿಗೆ ತಂದುಕೊಳ್ಳುವುದು ಬೇರೆ. ನನ್ನ ಲಕ್ಷ್ಯವೆಲ್ಲ ರೇಡಿಯೇಟರಿನ ಮೇಲಿತ್ತು.

ಆ ದಿನಗಳಲ್ಲಿ ಮನೆಯಲ್ಲಿ ಒಂದು ಗಂಭೀರ ಸಂಗತಿ ನಡೆದಿತ್ತು. ಕಾಕುನ ಕಣ್ಣಿನ ಪೊರೆ ಬಲಿತು ಆಪರೇಶನ್ ಮಾಡಿಸಲೇಬೇಕಾಗಿತ್ತು, ಬಿಟ್ಟರೆ ತೊಂದರೆ ಎಂದು ಡಾಕ್ಟರು ಎಚ್ಚರಿಸಿದ್ದರು. ಕಾಕುಗೆ ಸೂಜಿ ಎಂದರೇ ಜೀವ ಹೋಗುತ್ತದೆ, ಕಣ್ಣಿಗೆ ಸೂಜಿ ಎಂದರೆ ಕೇಳಬೇಕೇ? ನಾನು ಹೇಳಿದೆ, ಶಕ್ಕು ಹೇಳಿದಳು, ಪುಣೆಯಿಂದ ಕಾಕುನ ಮಗಳು ಫೋನಿನಲ್ಲಿ ಅತ್ತು ಹೇಳಿದಳು. "ನಾ ಒಲ್ಲೆ. ಕಂಡಷ್ಟು ಕಂಡೀನಿ, ಸಾಕು" ಎಂದು ಕೂತಿದ್ದಳು. ಹಾಗಿದ್ದವಳು ಒಂದು ಶನಿವಾರ ಗುಡ್ಡದಿಂದ ಬಂದು, "ಇನ್ನೊಬ್ಬ ಡಾಕ್ಟರಗ ತೋರಸೂಣೇನ ಶಕ್ಕು?" ಎಂದಳು. ಮುಂದೊಂದು ಶನಿವಾರ, "ತಪಾಸಣಿ ಅಷ್ಟ ಮಾಡಿಸಿದ್ರ ಏನಾಗತೈತಿ, ಅಲ್ಲ?" ಎಂದಳು. ಮನೆಯವರೆಲ್ಲ ಅದು ಹಣಮಪ್ಪನ ಮಹಿಮೆ ಎಂದುಕೊಂಡೆವು. ನಾನಂತೂ ಒಂದು ಕಾಯಿ ಹೆಚ್ಚಾಗಿಯೇ ಒಡೆಸಿದೆ.

ಇದೇ ಹೊತ್ತಿಗೆ ನನ್ನ ತಲೆಯಲ್ಲಿ ಒಳ್ಳೆಯದು ಮಾಡುವ ಯೋಚನೆ ಹೊಕ್ಕಿತು. ನಾನೂ ಶಕ್ಕುವೂ ಅವ್ವನನ್ನು ಮೊಣಕಾಲಿನ ಡಾಕ್ಟರರ ಹತ್ತಿರ ಕರೆದೊಯ್ದಿದ್ದೆವು. "ಸವೆದಿದೆ" ಎಂದು ಅವರು ಅಂದದ್ದೇ ತಡ, ಕಾರು ಬಾಗಿಲಿಗೇ ತರೋಣವೆಂದು ಎದ್ದು ಓಡಿದ್ದೆ. ಅಂದಿನಿಂದ ಒಂದೇ ಚಿಂತೆ, ಸವೆದ ಮೊಣಕಾಲಿನ ಅವ್ವನನ್ನು ಗುಡ್ಡ ಹತ್ತಿಸುತ್ತಿದ್ದೇನಲ್ಲ, ನಾನೆಂಥ ಮಗ! ಕಾರು ಬದಲಿಸು ಎಂದರು ಕೆಲವರು. ಅಪ್ಪನ ತಂಗೆವ್ವನನ್ನು ಮಾರಲು ಮನಸ್ಸು ಒಪ್ಪಲಿಲ್ಲ. ಆಗ ಫೋನಿನಲ್ಲಿ ಒಂದು ವಿಡಿಯೋ ಕಂಡಿತು. ಯಾವುದೋ ದೇಶದಲ್ಲಿ, ತಂಗೆವ್ವನ ಅಕ್ಕನೋ ಚಿಕ್ಕಮ್ಮನೋ ಅನ್ನುವ ಹಾಗಿದ್ದ ಹಳೆಯ ಪುಟ್ಟ ಕಾರೊಂದು ಹಿಮದ ಬೆಟ್ಟವನ್ನು ಬಾಣದಂತೆ ಏರುತ್ತಿತ್ತು. ಅದರ ಗುಟ್ಟು ಒಂದು ಕಿಟ್. ಮುದಿ ಎಂಜಿನ್ನಿಗೆ ಹರೆಯ ತರುವ ಸಾಮಾನುಗಳ ಕಟ್ಟು. ಗಾಳಿ-ಪೆಟ್ರೋಲು ಬೆರೆಸಿ ಉಣಿಸುವ ಕಾರ್ಬುರೇಟರ್ ಒಂದಿದ್ದ ಕಡೆ ಎರಡು, ಎಂಜಿನ್ ದೊಡ್ಡದಾಗಿ ಉಸಿರಾಡುವಂತೆ ಮಾಡುವ ಹೊಸ ಕ್ಯಾಮ್‌ಶಾಫ್ಟ್, ಹೊಗೆ ಸಲೀಸಾಗಿ ಹೊರಬೀಳಲು ದಪ್ಪ ಪೈಪಿನ ಸೈಲೆನ್ಸರ್. ಆ ವಿಡಿಯೋ ನೋಡಿದ ಮೇಲೆ ನನ್ನ ಫೋನು ಬೇರೇನನ್ನೂ ತೋರಿಸಲು ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಕಿಟ್ಟು ತರಿಸಿದೆ. ಪೆಟ್ಟಿಗೆ ಬಿಚ್ಚುವಾಗ ಶಕ್ಕು ಬೆಲೆ ಕೇಳಿದಳು, ನಾನು ಹವಾಮಾನದ ವಿಷಯ ತೆಗೆದೆ. ಅವಳು ಬಿಡಲಿಲ್ಲ. "ನಿಮಗೂ ಇಂಥಾದ್ದೊಂದು ಕಿಟ್ ಸಿಗತೈತೇನ ನೋಡ್ರಿ. ಮುಂಜಾನೆ ಎಬ್ಬಸಾಕ ನನಗ ಭಾಳ ತ್ರಾಸಾಗಾಕತ್ತೈತಿ."

ಕಿಟ್ಟನ್ನು ಜೋಡಿಸಲು ನಾಚಾರಂನ ಸತ್ತಾರ್ ಭಾಯ್ ಹತ್ತಿರ ಹೋದೆ. ಉಪ್ಪಿನಕಾಯಿ ಫ್ಯಾಕ್ಟರಿಗೂ ಪ್ಲಾಸ್ಟಿಕ್ ಕೊಡಗಳ ಫ್ಯಾಕ್ಟರಿಗೂ ನಡುವೆ ಅವನ ಶೆಡ್ಡು. ಅಲ್ಲಿ ದುರಸ್ತಿಯಾದ ಗಾಡಿ ಒಂದು ವಾರವಾದರೂ ಮಾವಿನಕಾಯಿಯ ಖಾರದ ವಾಸನೆ ಹೊಡೆಯುತ್ತಿರುತ್ತದೆ. ಸತ್ತಾರ್ ಭಾಯ್ ಪೆಟ್ಟಿಗೆ ತೆರೆದು ಎರಡು ಕಾರ್ಬುರೇಟರುಗಳನ್ನು ಕೂಸುಗಳ ಹಾಗೆ ಎತ್ತಿಕೊಂಡು, "ಅಲ್ಲಾ! ಸಾಬ್, ಅಬ್ ಇಸ್ಕು ಗಾಡಿ ನಕ್ಕೋ ಬೋಲೋ, ಘೋಡಾ ಬೋಲೋ" ಎಂದ. ಇನ್ನು ಇದನ್ನು ಗಾಡಿ ಅನ್ನಬಾರದಂತೆ, ಕುದುರೆ ಅನ್ನಬೇಕಂತೆ. ಅವನ ಜೀವನದಲ್ಲಿ ಇಂಥ ಕೆಲಸ ಇದೇ ಮೊದಲು ಎಂಬುದನ್ನು ಅವನು ಹೇಳಲಿಲ್ಲ, ಆದರೆ ಸೈಲೆನ್ಸರನ್ನು ಮೊದಲ ಸಲ ತಿರುಗಾಮುರುಗಾ ಹಿಡಿದದ್ದರಿಂದ ನನಗೆ ತಿಳಿಯಿತು. ತಪಾಸಣೆಯವನಾದ ನಾನು ತಿಳುವಳಿಕೆ ಹೇಳಹೋದೆ. ಅವನು ನನಗೆ ಟಾರ್ಚು ಹಿಡಿಯುವ ಕೆಲಸ ಕೊಟ್ಟ. ಇಬ್ಬರೂ ಕೂಡಿ ಒಂದು ಬೋಲ್ಟು ಕಳೆದೆವು, ಅದಕ್ಕಾಗಿ ಇಬ್ಬರೂ ಹೊಟ್ಟೆಯ ಮೇಲೆ ಮಲಗಿ ಹುಡುಕಿದೆವು, ಅದು ಅವನ ಕಿಸೆಯಲ್ಲಿತ್ತು.

ನಿಜವಾದ ಕಷ್ಟ ಆ ಎರಡು ಕಾರ್ಬುರೇಟರುಗಳದು. ಎರಡೂ ಒಂದೇ ತಾಳದಲ್ಲಿ ಉಸಿರಾಡಬೇಕು. ಒಂದು ಮುಂದಾಗಿ ಇನ್ನೊಂದು ಹಿಂದಾದರೆ ಎಂಜಿನ್ ಮುನಿಸಿಕೊಂಡು ಗೊರಗೊರ ಎನ್ನುತ್ತದೆ. ರಬ್ಬರಿನ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಮ್ಮೆ ಈ ಕಾರ್ಬುರೇಟರಿಗೆ, ಒಮ್ಮೆ ಆ ಕಾರ್ಬುರೇಟರಿಗೆ ಹಿಡಿದು, ಉಸಿರು ಕೇಳಿ, ಸ್ಕ್ರೂ ತಿರುಗಿಸಿ, ಮತ್ತೆ ಕೇಳಿ. "ದೋ ಬೆಹನಾಂ ಐ ಸಾಬ್. ಏಕ್ ರೂಠ್ ಗಯೀ ತೋ ದೂಸ್ರೀ ಬೀ ಕಾಮ್ ನೈ ಕರ್ತೀ" ಎಂದ ಸತ್ತಾರ್ ಭಾಯ್. ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳು ಮುನಿದರೆ ಇನ್ನೊಬ್ಬಳೂ ಕೆಲಸ ಮಾಡುವುದಿಲ್ಲವಂತೆ. ನಾನು ಆ ಮಾತನ್ನು ಬಹಳ ಮೆಚ್ಚಿ ತಲೆದೂಗಿದೆ. ಒಂದು ರವಿವಾರವೆಲ್ಲ ಕಿವಿಗೆ ಕೊಳವೆ ಹಚ್ಚಿಕೊಂಡು, ಎರಡು ತಗಡಿನ ಡಬ್ಬಿಗಳು ಒಂದಕ್ಕೊಂದು ಏನು ಹೇಳುತ್ತಿವೆ ಎಂದು ಉಸಿರು ಬಿಗಿಹಿಡಿದು ಆಲಿಸಿದೆ. ಮನೆಯಲ್ಲಿರುವ ಇಬ್ಬರ ವಿಷಯಕ್ಕೆ ಅದರ ಕಾಲುಭಾಗ ಕಿವಿ ಕೊಟ್ಟಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹೀಗೆ ತಂಗೆವ್ವ ಗುಡ್ಡ ಹತ್ತಿದಳು. ಆ ಶನಿವಾರ ಹತ್ತಿದಳು, ಮುಂದಿನ ಶನಿವಾರ ಹತ್ತಿದಳು, ಆಮೇಲೆಯೂ ಹತ್ತುತ್ತಲೇ ಇದ್ದಳು. ಕೆಳಗಿನಿಂದ ಮೇಲಿನವರೆಗೆ ನಾನು ಹಿಂದೆ ತಿರುಗಿ, "ಮೊಣಕಾಲು ಹಗರಾತೇನಬೇ ಅವ್ವಾ?" ಎಂದು ಕೇಳುತ್ತಿದ್ದೆ. "ಆತಪಾ" ಎನ್ನುತ್ತಿದ್ದಳು ಅವ್ವ, ಸತ್ತವರ ಮನೆಯಲ್ಲಿ ಕುಶಲ ಕೇಳಿದಾಗ ಹೇಳುವ ದನಿಯಲ್ಲಿ. ಮನೆಯಲ್ಲಿ ಮೆಲ್ಲಗೆ ಏನೇನೋ ತಪ್ಪತೊಡಗಿತು. ಒಂದು ದಿನ ಮೇಲಿನಿಂದ ಒಂದು ಡಬ್ಬಿ ಎಣ್ಣೆಗಾಯಿ ಕೆಳಗೆ ಬಂತು, ಅದೇ ಹೊತ್ತಿಗೆ ಕೆಳಗಿನಿಂದ ಒಂದು ಡಬ್ಬಿ ಎಣ್ಣೆಗಾಯಿ ಮೇಲೆ ಹೋಯಿತು. ಎರಡನ್ನೂ ಹೊತ್ತವನು ನಾನೇ. ವಿಜಯಪುರದಿಂದ ದೂರದ ಮಾಮಾ ಒಬ್ಬರು ಬಂದರು. ಅವರನ್ನು ಊಟಕ್ಕೆ ಕಾಕು ಕರೆದಳು, ಅದೇ ಮಧ್ಯಾಹ್ನಕ್ಕೆ ಅವ್ವನೂ ಕರೆದಳು. ಪಾಪ, ಅವರು ಮೇಲೆ ಹೋಳಿಗೆ ಉಂಡು, ಕೈ ತೊಳೆದು, ಕೆಳಗೆ ಬಂದು ಮತ್ತೆ ಹೋಳಿಗೆ ಉಂಡರು. "ತಾರ್ನಾಕಕ್ಕ ಬಂದ್ರ ಇನ್ನ ಒಂದು ದಿನ ಮದಲೇ ಉಪಾಸ ಮಾಡಿ ಬರಬೇಕ್ರಿ" ಎಂದು ಹೇಳಿ ಕಾಚಿಗೂಡದಲ್ಲಿ ರೈಲು ಹತ್ತುವಾಗ ನನ್ನ ಹೆಗಲ ಮೇಲೆ ಇಡೀ ಭಾರ ಹಾಕಿದರು. ಇಷ್ಟು ವರ್ಷ ನಮ್ಮ ಮನೆಯ ವ್ಯವಹಾರವೆಲ್ಲ ವಾರಕ್ಕೊಮ್ಮೆ ಆ ಚಡಾವಿನಲ್ಲೇ ಇತ್ಯರ್ಥವಾಗುತ್ತಿತ್ತೆಂದು ನನಗೆ ಆಗಲೂ ಹೊಳೆಯಲಿಲ್ಲ.

ಎಣ್ಣೆಗಾಯಿ, ಹೋಳಿಗೆ ಹೋಗಲಿ. ಆಸ್ಪತ್ರೆಯಿಂದ ಆಪರೇಶನ್ನಿನ ದಿನ ಕೇಳಿ ಫೋನು ಬಂದಾಗ ಕಾಕು ಮತ್ತೆ ಮೊದಲಿನ ಹಾಗೆ, "ನಾ ಒಲ್ಲೆ" ಎಂದುಬಿಟ್ಟಳು. ಹೊಸ ಡಾಕ್ಟರನ್ನು ಕಂಡಿದ್ದಳು, ತಪಾಸಣೆ ಮಾಡಿಸಿದ್ದಳು, ಇನ್ನೊಂದೇ ಮೆಟ್ಟಿಲು ಎನ್ನುವಾಗ ಹಿಂದಕ್ಕೆ ಸರಿದು ಕೂತಳು. ಒಂದು ಸಂಜೆ ಗೋಡೆ ಹಿಡಿದು ಮೆಟ್ಟಿಲು ಇಳಿಯುತ್ತಿದ್ದವಳು ಕೊನೆಯ ಮೆಟ್ಟಿಲನ್ನು ಕಾಣದೆ ಮುಗ್ಗರಿಸಿದಳು. ಕೆಳಗೆ ನಿಂತಿದ್ದ ಅವ್ವನ ಎರಡೂ ಕೈ ಮುಂದೆ ಬಂದವು. ನಾನು ಅಲ್ಲೇ ಇದ್ದೆನಲ್ಲ, ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು, "ಹೇಳಪಾ ನಿಮ್ಮ ಕಾಕುಗ, ನೋಡಿ ಇಳಿ ಅಂತ" ಎಂದಳು. ನಾನು ಹೇಳಿದೆ. ಹೇಳುವಾಗ ನನಗೇ ನಾಚಿಕೆಯಾಯಿತು.

ಆ ರಾತ್ರಿ ಊಟಕ್ಕೆ ಕೂತಾಗ ನಾನು, "ಹಣಮಪ್ಪ ಯಾಕೋ ಕೈ ಬಿಟ್ಟ" ಎಂದೆ. ಶಕ್ಕು ಚಪಾತಿ ಬಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಹಣಮಪ್ಪ ಬಿಟ್ಟಿಲ್ರಿ. ನೀವು ಬಿಡಸೀರಿ."

"ನಾನೇನ ಮಾಡಿದ್ನೇ?"

"ಕಾಕುನ ಮನಸ್ಸು ಯಾವ ದಿನ ತಿರಗತಿತ್ತು? ಶನಿವಾರ. ಶನಿವಾರ ಅಕಿನ್ನ ಒಪ್ಪಸವ್ರು ಯಾರಿದ್ರು? ಆ ಚಡಾವಿನಾಗ ನಿಮ್ಮವ್ವ ಒಬ್ಬಾಕಿನ ಇದ್ಲು. ಅಕಿ ಅರ್ಧಾ ಒಪ್ಪಿಸಿದ್ಲು, ಅಷ್ಟರಾಗ ನೀವು ಗಾಡಿಗೆ ಕುದುರಿ ಕಟ್ಟಿದ್ರಿ."

"ಅವ್ವನ ಮೊಣಕಾಲು ಸವದೈತಿ ಅಂತ ಡಾಕ್ಟರ ಅಂದಿದ್ರಲ್ಲ..."

"ಸವದೈತಿ, ಅದಕ್ಕ ಸಣ್ಣಗ ನಡಕೋತ ಇರ್ರಿ, ಕುಂತ್ರ ಬಿಗೀತೈತಿ ಅಂದ್ರು. ನೀವು ಅರ್ಧಾ ಮಾತು ಕೇಳಿ ಗಾಡಿ ತರಾಕ ಓಡಿದ್ರಿ. ನಿಮ್ಮ ತಪಾಸಣಿ ಎಲ್ಲಾ ಹಿಂಗ ಏನ್ರಿ, ಅರ್ಧಾ ನೋಡಿ ಛಾಪಾ ಹೊಡಿಯೂದು?"

ಮರುದಿನವೇ ಸತ್ತಾರ್ ಭಾಯ್ ಶೆಡ್ಡಿಗೆ ಹೋಗಿ, ಕಿಟ್ಟನ್ನು ಬಿಚ್ಚಿ ಹಳೆಯದನ್ನೇ ಹಾಕಿಕೊಡು ಎಂದು ಕೈಮುಗಿದೆ. ಅವನು ತಾನು ಕೂತಿದ್ದ ಟಯರಿನಿಂದ ಏಳಲೂ ಇಲ್ಲ. "ಲೋಗಾಂ ಲಂಗಡೇ ಘೋಡೇ ಕು ಠೀಕ್ ಕರಾನೇ ಆತೈಂ ಸಾಬ್. ಠೀಕ್ ಘೋಡೇ ಕು ಲಂಗಡಾ ಕರೋ ಬೋಲ್ನೇವಾಲೇ ತುಮೇ ಪೈಲೇ ಆದ್ಮೀ" ಎಂದ. ಕುಂಟ ಕುದುರೆಯನ್ನು ನೆಟ್ಟಗೆ ಮಾಡಿಸಲು ಜನ ಬರುತ್ತಾರಂತೆ, ನೆಟ್ಟಗಿದ್ದದ್ದನ್ನು ಕುಂಟು ಮಾಡು ಎಂದವನು ನಾನೇ ಮೊದಲನೆಯವನಂತೆ. ನಾನು ನಮ್ಮ ಮನೆಯ ಕಥೆಯನ್ನೆಲ್ಲ ಹೇಳಿದೆ. ಅವನು ಮರುಗಿದ, ಚಹಾ ತರಿಸಿದ, ತನ್ನ ಅಮ್ಮೀಜಾನ್ ಮತ್ತು ಫುಪ್ಪೂವಿನ, ಅಂದರೆ ಸೋದರತ್ತೆಯ, ಕಥೆ ಹೇಳಿದ, ಅದು ನಮ್ಮದಕ್ಕಿಂತ ದೊಡ್ಡದಾಗಿತ್ತು. ಆದರೆ ಕುದುರೆಯನ್ನು ಕುಂಟು ಮಾಡಲು ಮಾತ್ರ ಕೈ ಏಳುವುದಿಲ್ಲ ಎಂದುಬಿಟ್ಟ. ಬರಿಗೈಲಿ ಮನೆಗೆ ಬಂದೆ.

"ಇಂಜಿನ್ ಬಿಚ್ಚೂದೇನ ಬ್ಯಾಡ್ರಿ" ಎಂದಳು ಶಕ್ಕು. "ಬುಡದಾಗ ನಿಂದ್ರಸಿ, ಏರಾಕ ಒಲ್ಲದು ಅನ್ರಿ. ಮಾರಿ ಒಂದೀಟು ಸಪ್ಪಗ ಮಾಡ್ರಿ, ಅದು ನಿಮಗ ದಿನಾ ಬರತೈತಿ."

ಶನಿವಾರ ಬಂತು. ಅಂದು ನಾವು ಮೂವರೇ. ದಾರಿಯುದ್ದಕ್ಕೂ ನಾನು ಹೇಳಬೇಕಾದ ಸುಳ್ಳನ್ನು ಮನಸ್ಸಿನಲ್ಲೇ ಹೊಂದಿಸುತ್ತಿದ್ದೆ. ಪೆಟ್ರೋಲು ಪೈಪಿನಲ್ಲಿ ಕಸ, ಪ್ಲಗ್ಗಿಗೆ ಎಣ್ಣೆ, ಕ್ಲಚ್ಚು ಜಾರುತ್ತಿದೆ. ಹೆಚ್ಚು ಕಾರಣ ಕೊಟ್ಟರೆ ಸುಳ್ಳು ನಿಲ್ಲುವುದಿಲ್ಲ ಎಂದು ಗೊತ್ತಿದ್ದರೂ ಒಂದನ್ನು ಆರಿಸಲಾಗಲಿಲ್ಲ. ಬುಡದ ಬೇವಿನ ಗಿಡದ ಹತ್ತಿರ ನಿಲ್ಲಿಸಿ, ಕೆಮ್ಮಿ, "ಯಾಕೋ ಇವತ್ತ ತಂಗೆವ್ವಗ..." ಎಂದೆ. ವಾಕ್ಯ ಅಷ್ಟಕ್ಕೇ ಉಳಿಯಿತು. ಎಡಬಾಗಿಲು ಟಪ್ ಎಂದಿತು, ಬಲಬಾಗಿಲು ಟಪ್ ಎಂದಿತು. ಹಿಂದೆ ತಿರುಗಿ ನೋಡಿದರೆ ಬುಟ್ಟಿಯೊಂದೇ ಕೂತಿತ್ತು.

ಇನ್ನು ಕಾರನ್ನು ನಿಧಾನವಾಗಿ, ನರಳಿಸುತ್ತ, ಮೇಲೆ ಒಯ್ಯಬೇಕು. ಅದನ್ನೂ ನಾನು ಯೋಚಿಸಿದ್ದೆ. ಯೋಚಿಸದೇ ಇದ್ದದ್ದು ಒಂದೇ, ಕಿಟ್ಟಿಗೆ ನಿಧಾನ ಗೊತ್ತಿಲ್ಲ. ಎರಡು ಹೆಂಗಸರ ಭಾರವೂ ಇಳಿದಿತ್ತು. ಕಾಲು ತುಸು ಸೋಕಿಸಿದ್ದಷ್ಟೇ, ತಂಗೆವ್ವ ಗುಡುಗಿ, ಚಿಮ್ಮಿ, ಬುಟ್ಟಿಯೊಳಗಿನ ಕಾಯಿ ಗಡಗಡ ಉರುಳುತ್ತಿರಲು ದೀಪಾವಳಿಯ ಬಾಣದಂತೆ ಗುಡ್ಡ ಏರಿದಳು. ದಪ್ಪ ಪೈಪಿನ ಸದ್ದು ಬಂಡೆ ಬಂಡೆಗೂ ಬಡಿದು ತಿರುಗಿ ಬಂತು. ನಾಚಾರಂವರೆಗೂ ಕೇಳಿಸಿರಬೇಕು. ನಾನು ಬೆವತುಹೋದೆ. ಕನ್ನಡಿಯಲ್ಲಿ ನೋಡಿದೆ. ಇಬ್ಬರೂ ನಿಂತಿದ್ದರು. ಹಾರಿಹೋದ ಕಾರನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ಈಗ ಕೂಗಿ ಕರೆಯುತ್ತಾರೆ, ನನ್ನ ನಾಟಕದ ಪರದೆ ಬಿತ್ತು ಎಂದುಕೊಂಡೆ. ಅವ್ವ ಕೈ ಚಾಚಿದಳು. ಕಾಕು ಹಿಡಿದಳು. ಇಬ್ಬರೂ ನಡೆಯತೊಡಗಿದರು.

ಮೇಲೆ ಹೋಗಿ, ಬಿಸಿಯೇ ಆಗದ ಎಂಜಿನ್ನಿನ ಬಾನೆಟ್ ಎತ್ತಿ, ನೀರು ಬೇಡದ ರೇಡಿಯೇಟರಿಗೆ ನೀರು ತೋರಿಸಿ, ಯಾರೂ ನೋಡದಿದ್ದರೂ ಹಣೆ ಒರೆಸಿಕೊಂಡೆ. ಅವರು ಹತ್ತಿ ಬರಲು ಮೊದಲಿಗಿಂತಲೂ ಬಹಳ ಹೊತ್ತು ಹಿಡಿಯಿತು. ಎಷ್ಟೊಂದು ವಾರಗಳ ಬಾಕಿ ಮಾತಿತ್ತಲ್ಲ! ಪೂಜಾರಪ್ಪ ಎರಡು ಸಲ ಬಂದು ಇಣುಕಿ ಹೋದ. ಕೊನೆಗೂ ನನ್ನ ಎದುರಿಗೆ ಬಂದು ಕೈ ಬಿಟ್ಟರು. ಅವ್ವ ತಂಗೆವ್ವನ ಕಡೆ ಒಮ್ಮೆ ನೋಡಿ ನನಗೆ ಹೇಳಿದಳು, "ಹೇಳಪಾ ನಿಮ್ಮ ಕಾಕುಗ, ಗಾಡಿ ಇನ್ನೂ ಸುಧಾರಿಸಿಲ್ಲ. ಮುಂದಿನ ವಾರಾನೂ ನಡದ ಹತ್ತಬೇಕಾಗತೈತಿ."

ನಾನು ಬಾಯಿ ತೆರೆಯುವ ಮೊದಲೇ ಕಾಕು ಸೆರಗು ಸರಿಮಾಡಿಕೊಳ್ಳುತ್ತ ಅಂದಳು, "ಹೇಳು ನಿಮ್ಮವ್ವಗ, ನನಗೂ ಗೊತ್ತಾಗೇತಿ. ನನ್ನ ಕಣ್ಣಷ್ಟ ಮಂಜು, ಕಿವಿ ಅಲ್ಲ."

ಮುಂದೆ ಕೆಲವು ಶನಿವಾರ ಹೀಗೇ ನಡೆಯಿತು. ಅದರಲ್ಲೊಂದು ಶನಿವಾರ ಗುಡಿಯಿಂದ ಮನೆಗೆ ಬಂದ ಮೇಲೆ ಕಾಕು ಮೇಲಿನ ಮನೆಗೆ ಹೋಗದೆ ಶಕ್ಕುವಿನ ಹತ್ತಿರ ಬಂದು, "ಆಪರೇಶನ್ನಿಗೆ ದಿನಾ ಹಿಡೀವ್ವಾ ಶಕ್ಕು. ಮಾಡಿಸೇ ಬಿಡತೀನಿ" ಎಂದಳು.

ಆಪರೇಶನ್ ಚೆನ್ನಾಗಿ ಆಯಿತು. ಕಾಕುನನ್ನು ಕೋಣೆಗೆ ಕರೆತಂದು ಮಲಗಿಸಿದರು, ಒಂದು ಕಣ್ಣಿಗೆ ಪಟ್ಟಿ. ಮಂಚದ ಮಗ್ಗುಲಲ್ಲಿ ಸ್ಟೂಲಿನ ಮೇಲೆ ಅವ್ವ ಕೂತಳು. ನಾನು ಮಂಚದ ಕಾಲ ಹತ್ತಿರ ನಿಂತೆ. "ಕೇಳಪಾ ನಿಮ್ಮ ಕಾಕುಗ, ನೋವು ಐತೇನಂತ." ಕೇಳಿದೆ. "ಹೇಳು ನಿಮ್ಮವ್ವಗ, ಇಲ್ಲಂತ." ಹೇಳಿದೆ. "ಕೇಳು, ಚಹಾ ಕುಡಿಬಹುದಂತೇನಂತ." ಕೇಳಿದೆ. ಇಷ್ಟು ದೊಡ್ಡ ದಿನ ನಾನಿಲ್ಲದಿದ್ದರೆ ಇವರ ಗತಿ ಏನಾಗುತ್ತಿತ್ತು ಎಂದು ನನಗೆ ಎದೆ ತುಂಬಿಬಂದಿತ್ತು. ಅಷ್ಟರಲ್ಲಿ ನರ್ಸು ಔಷಧದ ತಟ್ಟೆ ಹಿಡಿದು ಒಳಗೆ ಬಂದಳು. ಅವ್ವ ತನ್ನ ಅರೆಬರೆ ತೆಲುಗಿನಲ್ಲಿ ಅವಳಿಗೆ, "ಸಿಸ್ಟರಮ್ಮಾ, ಈ ಅಬ್ಬಾಯಿನಿ ಕೊಂಚಂ ಬಯಟಿಕಿ ಪಂಪಮ್ಮಾ" ಎಂದಳು. ಹೊರಗೆ ಕಳಿಸಬೇಕಾದ ಹುಡುಗ ಎಲ್ಲಿದ್ದಾನೆ ಎಂದು ನರ್ಸು ಮಂಚದ ಕೆಳಗೂ ಒಮ್ಮೆ ನೋಡಿ, ಕೊನೆಗೆ ನರೆತ ಮೀಸೆಯ ನನ್ನ ಮೇಲೆ ಕಣ್ಣು ನಿಲ್ಲಿಸಿ, ಬಾಗಿಲು ತೋರಿಸಿದಳು. ತಾನೂ ನನ್ನ ಹಿಂದೆಯೇ ಹೊರಬಂದಳು. ಬಾಗಿಲು ಪೂರ್ತಿ ಮುಚ್ಚಿಕೊಳ್ಳುವ ಮೊದಲೇ ಒಳಗೆ ಮಾತು ಶುರುವಾಯಿತು.